ಅಪ್‌ಡೇಟ್: ಎತ್ತರಿಸಿದ ಜಿಪ್ಸಿಯ ನಡುಕ ನಿಂತಿತು

ಹೋದ ತಿಂಗಳು ಕೇಳಿದ್ದೆ: ನನ್ನ ಮಾರುತಿ ಜಿಪ್ಸಿಯ ಸಸ್ಪೆನ್ಷನ್ 3 ಇಂಚು ಎತ್ತರಿಸಿದ್ದೇನೆ, ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲ್‌ಗೆ ಶಕ್ತಿ ಒಯ್ಯುವ ತಿರುಗುವ ದಂಡ), ಗೇರ್ ಕಡೆಗೂ ಕೈ ಹಾಕಬೇಕಾ ಅಂತ. ಅರ್ಧ ಜನ ಬೇಕು ಅಂದಿರಿ, ಉಳಿದವರು ಸುಮ್ನೆ ಖರ್ಚು ಅಂದಿರಿ.

ಪುಣೆಯ ಕಾತ್ರಜ್ ದಾಟಿ ಸಾತಾರಾ ಕಡೆ ಹೋಗುವಾಗ ಉತ್ತರ ಸಿಕ್ಕಿತು. 60ರ ವೇಗ ದಾಟಿದರೆ ಸೀಟಿನ ಕೆಳಗೆ ಗುಂಯ್ ಅಂತ ನಡುಕ. ಭೋಸರಿಯಲ್ಲಿ ನಮ್ಮ ವಿಜಯಪುರದ ಮಿಸ್ತ್ರಿಯೊಬ್ಬರಿದ್ದಾರೆ. ಗಾಡಿ ಕೆಳಗೆ ಮಲಗಿ ಟಾರ್ಚ್ ಬಿಟ್ಟು, "ತಮ್ಮಾ, ಇಲ್ಲಿ ನೋಡು" ಅಂದರು. ಹಿಂದಿನ ಯೂನಿವರ್ಸಲ್ ಜಾಯಿಂಟಿನ (ಶಾಫ್ಟಿನ ತುದಿಯಲ್ಲಿ ಬಾಗುವ ಕೀಲು) ಸುತ್ತ ಕೆಂಪು ತುಕ್ಕಿನ ಪುಡಿ! ಶಾಫ್ಟಿನ ಎರಡೂ ತುದಿಯ ಕೋನ ಹೆಚ್ಚುಕಡಿಮೆ ಒಂದೇ ಇರಬೇಕಂತೆ. ಆಗ ಒಂದು ಜಾಯಿಂಟಿನ ತಿರುಗುವ ವೇಗದ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. ಗಾಡಿ ಎತ್ತರಿಸಿದ ಮೇಲೆ ನನ್ನದರಲ್ಲಿ ಅದು ತಪ್ಪಿತ್ತು.

ಹೊಸ ಜಾಯಿಂಟ್ ಹಾಕಿ, ಲೀಫ್ ಸ್ಪ್ರಿಂಗ್‌ಗೂ ಆಕ್ಸಲ್‌ಗೂ ನಡುವೆ ಬೆಣೆ ಕೊಟ್ಟು ಕೋನ ಸರಿ ಮಾಡಿದರು. ಈಗ 80ರಲ್ಲೂ ನಡುಕವಿಲ್ಲ. ಗೇರ್ ಮಾತು ಬರೋದು ಟೈರ್ ದೊಡ್ಡದು ಹಾಕಿದಾಗ; ನನ್ನದು ಹಳೆಯ ಅಳತೆಯದೇ, ಹಾಗಾಗಿ ಗೇರ್ ಮುಟ್ಟಲಿಲ್ಲ.

ಇನ್ನೊಂದು ಮಾತು, ದಯವಿಟ್ಟು ಬ್ರೇಕ್ ಹೋಸ್ (ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ಬಾಗುವ ಪೈಪ್) ನೋಡಿಕೊಳ್ಳಿ. ಚಕ್ರ ಪೂರ್ತಿ ಕೆಳಗಿಳಿದಾಗ ನನ್ನದು ತಂತಿಯ ಹಾಗೆ ಬಿಗಿದಿತ್ತು. ಉದ್ದದ್ದು ಹಾಕಿಸಿದೆ.