ದಿನಾ ಧಾರವಾಡ–ಹುಬ್ಬಳ್ಳಿ ಬೈಕ್ ಮ್ಯಾಲೆ ಓಡಾಡೋರು ಎಣ್ಣಿ ಖರ್ಚು ಹೆಂಗ ಹೊಂದಸ್ತೀರಿ?

ಸಪ್ತಾಪುರದಾಂವ:

ನಮಸ್ಕಾರ್ರಿ ಎಲ್ಲಾರಿಗೂ. ನಾ ಇರೋದು ಧಾರವಾಡ ಸಪ್ತಾಪುರದಾಗ, ಕೆಲಸ ಹುಬ್ಬಳ್ಳಿ ಗೋಕುಲ ರೋಡ್‌ನಾಗ ಒಂದು ಸಣ್ಣ ಫ್ಯಾಕ್ಟರಿ, ಸ್ಟೋರ್ಸ್ ನೋಡ್ಕೋತೀನಿ. ಹೋಗಿ ಬಂದ್ರ 44 ಕಿಲೋಮೀಟರ್ ಆಕ್ಕೈತಿ, 125 ಸಿಸಿ ಗಾಡಿ, 2016ರದ್ದು.

ಮೊದಲಿಂದ ನಂದೊಂದು ಚಟ ಐತಿ, ಬಂಕಿಗೆ ಹೋದ್ರ "ಎರಡ್ನೂರು ಹಾಕ್ರಿ" ಅಂತೀನಿ, ರೇಟ್ ಎಷ್ಟೈತಿ ಅಂತ ಬೋರ್ಡ್ ಸೈತ ನೋಡೂದಿಲ್ಲ. ಮೊನ್ನೆ ಸುಮ್ನ ಲೆಕ್ಕಾ ಹಾಕಿದೆ. 2020ರ ಲಾಕ್‌ಡೌನ್ ಮುಂದ ಲೀಟರ್ 75ರ ಆಚೀಚೆ ಇತ್ತು, ಎರಡ್ನೂರಕ್ಕ ಎರಡೂವರಿ ಲೀಟರ್ ಮ್ಯಾಲೆ ಬರ್ತಿತ್ತು. ಈಗ 103 ಅಂತ ಹಿಡದ್ರ ಎರಡು ಲೀಟರೂ ಪೂರಾ ಬರೂದಿಲ್ಲ. ಅಂದ್ರ ನಾ ಕೊಡೋ ನೋಟು ಅವ ಎರಡು, ಬಂಕಿಗೆ ಹೋಗೋ ಸಲ ಅಷ್ಟ ಜಾಸ್ತಿ ಆಗ್ಯಾವು, ಅದಕ್ಕ ರೇಟ್ ಏರಿದ್ದು ನನ್ನ ಕಣ್ಣಿಗೇ ಬಿದ್ದಿಲ್ಲ.

ಈಗ ತಿಂಗಳಿಗೆ ನಾಕು ಸಾವಿರ ಎಣ್ಣಿಗೇ ಹೊಂಟೈತ್ರಿ. ಆದ್ರ ಗಾಡಿ ಆವರೇಜ್ 45 ಅಂತ ಹಿಡದು 25 ದಿವಸ ಆಫೀಸಿಗೆ ಲೆಕ್ಕಾ ಮಾಡಿದ್ರ ಎರಡೂವರಿ ಸಾವಿರಕ್ಕ ಮುಗೀಬೇಕು. ಉಳದ ಹದಿನೈದ್ನೂರು ಎಲ್ಲಿ ಹೊಂಟೈತಿ ಅನ್ನೋದ ತಿಳೀವಲ್ದು. ಮನಿಯಾಗ ಹೇಳಿದ್ರ ನಮ್ಮವ್ವ "ನೀ ಸಂಜಿಗೆ ಎಲ್ಲೆಲ್ಲಿ ತಿರಗತೀ ಅಂತ ನಿನಗಾ ಗೊತ್ತು" ಅಂತಾಳ. ನೀವೆಲ್ಲಾ ಏನು ಮಾಡೀರಿ ಹೇಳ್ರಿ, ಬಸ್ ಹಿಡದೀರೇನು, ಗಾಡಿ ಬದಲ್ ಮಾಡೀರೇನು, ಇಲ್ಲಾ ಎಣ್ಣಿಗೆ ಕೊಟ್ಟು ಬ್ಯಾರೆ ಯಾವುದರಾಗೋ ಕೈ ಬಿಗಿ ಮಾಡೀರೇನು?

ಕಿಕ್ಕರ್ ಮಾಸ್ತರ:

ತಮ್ಮಾ, ಮೊದಲ ಆ 45 ಅನ್ನೋದು ಎಲ್ಲಿಂದ ಬಂತು ಹೇಳು. ಗಾಡಿ ತಗೊಳ್ಳೋ ಮುಂದ ಶೋರೂಮಿನವ ಹೇಳಿದ್ದೇನು? ಇಪ್ಪತ್ತು ವರ್ಷ ಆತು ನಾ ಗ್ಯಾರೇಜ್ ನಡಸ್ಲಿಕ್ಕತ್ತು, ಬಂದವರೆಲ್ಲಾ ಆವರೇಜ್ ಇಲ್ಲ ಅಂತಾರ, ಅಳದವರು ಹತ್ತರಾಗ ಒಬ್ಬ ಸೈತ ಇರೂದಿಲ್ಲ. ಟ್ಯಾಂಕ್ ಫುಲ್ ಮಾಡ್ಸು, ಮೀಟರ್ ಬರ್ಕೋ, ಎರಡು ಮೂರ್ನೂರು ಕಿಲೋಮೀಟರ್ ಓಡ್ಸು, ಮತ್ತ ಅದಾ ಬಂಕಿನ್ಯಾಗ ಫುಲ್ ಮಾಡ್ಸು, ಎರಡನೇ ಸಲ ಎಷ್ಟು ಲೀಟರ್ ಹಿಡೀತು ಅದರಿಂದ ಭಾಗಿಸು. ಅದು ಖರೆ ಆವರೇಜ್. ಎರಡೆರಡ್ನೂರು ಹಾಕಿಸ್ಕೋತ ಹೋದ್ರ ಜನ್ಮದಾಗ ಗೊತ್ತಾಗೂದಿಲ್ಲ.

ಎರಡನೇದು ಹವಾ. ವಾರಕ್ಕೊಮ್ಮೆ ಮುಂಜಾನೆ ಟೈರ್ ತಣ್ಣಗ ಇದ್ದಾಗ ಚೆಕ್ ಮಾಡ್ಸು. ಚೈನ್ ಒಣಗಿ ಕರಕರ ಅಂತಿದ್ರ ಎಣ್ಣಿ ಹಚ್ಚು. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿ ಕೈಲೆ ತಿರುಗಿಸಿ ನೋಡು, ಸಲೀಸ ತಿರುಗಬೇಕು, ಒಂದು ಸುತ್ತು ಹೊಡದು ನಿಂತ್ರ ಬ್ರೇಕ್ ಹಿಡದೈತಿ ಅಂತ ತಿಳ್ಕೋ. ಬ್ರೇಕ್ ಹಿಡದ ಗಾಡಿ ಅಂದ್ರ ಕೈ ಬ್ರೇಕ್ ಎಳದು ಕಾರ್ ಓಡಿಸಿದಂಗ.

ಇನ್ನ ಎಲ್ಲಾರೂ ಈಗ ಇ20, ಅಂದ್ರ ಶೇಕಡಾ 20 ಎಥೆನಾಲ್ ಬೆರಸಿದ ಪೆಟ್ರೋಲ್ ಮ್ಯಾಲೆ ಗೂಬಿ ಕೂಡಸ್ತಾರ. ಎಥೆನಾಲ್‌ನಾಗ ಪೆಟ್ರೋಲ್‌ಗಿಂತ ಶಕ್ತಿ ಮೂರರಾಗ ಒಂದು ಪಾಲು ಕಡಿಮಿ ಇರೋದು ಖರೆ, ಅದಕ್ಕ ಆವರೇಜ್ ಒಂದೀಟ ಇಳೀತದ. ನೀತಿ ಆಯೋಗದ ವರದಿಯೊಳಗ ಹಳೇ ಟೂವೀಲರಿಗೆ ಶೇಕಡಾ 3–4 ಅಂತ ಬರದಾರ. ಅಂದ್ರ 45 ಇದ್ದದ್ದು 43 ಆದೀತು. 50 ಇದ್ದದ್ದು 35ಕ್ಕ ಬಿತ್ತು ಅಂದ್ರ ಅದು ಎಥೆನಾಲ್ ಅಲ್ಲೋ, ನಿನ್ನ ಗಾಡಿ ದವಾಖಾನಿಗೆ ಕರಕೊಂಡ ಬಾ.

ಅಮರಗೋಳ ಛೋಟಾ ಹಾಥಿ:

ಬೈಕಿನವ್ರಿಗೆ ಇಷ್ಟ ಚಿಂತಿ ಆದ್ರ ನಮ್ಮಂತವ್ರ ಕಥಿ ಕೇಳ್ರಿ. ನಾ ಎಪಿಎಂಸಿಯಿಂದ ಗದಗಿಗೆ ಮಾಲ್ ಹೊಡೀತೀನಿ, ಹೋಗಿ ಬಂದ್ರ 120 ಕಿಲೋಮೀಟರ್, ಆರೂವರಿ ಲೀಟರ್ ಡೀಸೆಲ್ ಅಂತ ಹಿಡೀರಿ. 2024ರ ಜೂನ್‌ದಾಗ ರಾಜ್ಯದ ಟ್ಯಾಕ್ಸ್ ಏರಿಸಿ ಡೀಸೆಲ್ ಮೂರು ರೂಪಾಯಿ ಜಾಸ್ತಿ ಆತು, 2025ರ ಏಪ್ರಿಲ್ ಒಂದಕ್ಕ ಮತ್ತ ಎರಡು ರೂಪಾಯಿ. ಎರಡೂ ಕೂಡಿ ಒಂದು ಟ್ರಿಪ್ಪಿಗೆ 32–33 ರೂಪಾಯಿ ಹೆಚ್ಚಿಗೆ. ಈಗ ನಾ ಹೋಗಿ ಉಳ್ಳಾಗಡ್ಡಿ ಶೇಟಜೀಗೆ "33 ರೂಪಾಯಿ ಜಾಸ್ತಿ ಕೊಡ್ರಿ" ಅಂತ ಕೇಳೋಕಾಗ್ತೈತೇನ್ರಿ? ನಗ್ತಾರ. ಅದಕ್ಕ ಏನಾಗ್ತೈತಿ ಅಂದ್ರ ಆರು ತಿಂಗಳು ವರ್ಷ ನಾನ ನುಂಗತೀನಿ, ಆಮ್ಯಾಲ ಒಂದಿನ ಟೈರು ಹಾಕ್ಸೋದು ಇನ್ಶೂರೆನ್ಸ್ ತುಂಬೋದು ಎಲ್ಲಾ ಕೂಡಿ ಬಂದಾಗ ಒಮ್ಮೆಲೆ ಎರಡ್ನೂರು ಏರಸ್ತೀನಿ. ಡೀಸೆಲ್ ಏರೋದು ರೂಪಾಯಿ ಲೆಕ್ಕದಾಗ, ಬಾಡಿಗಿ ಏರೋದು ನೂರರ ಲೆಕ್ಕದಾಗ, ಮತ್ತ ಖರೆ ಹೇಳ್ತೀನಿ, ಒಮ್ಮೆ ಏರಿದ್ದು ಇಳೀಸೂದಿಲ್ಲ. 2021ರ ದೀಪಾವಳಿಗೆ ಸೆಂಟ್ರಲ್‌ನವ್ರು ಡೀಸೆಲ್ 10 ರೂಪಾಯಿ ಇಳಿಸಿದ್ರು, ರಾಜ್ಯದವ್ರು ಮತ್ತ 7 ಇಳಿಸಿದ್ರು, ನಾ ಬಾಡಿಗಿ ಇಳಿಸಿದ್ನೇನು? ಇಲ್ಲ. ಯಾರೂ ಇಳಸ್ಲಿಲ್ಲ.

ಇನ್ನೊಂದು, ಮೊದಲ ಅರ್ಧ ಗಾಡಿ ಮಾಲ್ ಇದ್ರೂ ಹೊಂಡತಿದ್ದೆ, ಈಗ ತುಂಬೋತನಕ ನಿಂದರ್ತೀನಿ. ಖಾಲಿ ವಾಪಸ್ ಬರೋದು ಅಂದ್ರ ಹೊಟ್ಟಿಗೆ ಬೆಂಕಿ ಬಿದ್ದಂಗಾಕ್ಕೈತಿ, ಗದಗ ಸ್ಟ್ಯಾಂಡಿನ್ಯಾಗ ಎರಡು ತಾಸು ಕುಂತು ನಾಕು ಫೋನ್ ಹಚ್ಚಿ ಏನರ ಸಿಕ್ರ ಹಾಕ್ಕೊಂಡ ಬರ್ತೀನಿ. ಹಿಂಗಾಗಿ ನಿಮ್ಮ ಕಾಯಿಪಲ್ಲೆ ಅಂಗಡಿಗೆ ಮಾಲ್ ತಡಾ ಆಗಿ ಬರ್ತೈತಿ. ಬೈಬ್ಯಾಡ್ರಿ.

ಹಳೇಹುಬ್ಬಳ್ಳಿ ಹುಲಿ:

ಅಣ್ಣಾರ ಎಲ್ಲಾ ಟ್ಯಾಕ್ಸ್ ರಾಜ್ಯದವರದಾ ಅನ್ನೋಹಂಗ ಹೇಳಾಕತ್ತೀರಲ್ಲ, ದಿಲ್ಲಿಯವ್ರು ಎಕ್ಸೈಸ್ ತಗೊಳ್ಳೋದು ಕಾಣ್ಸೂದಿಲ್ಲೇನು? ಕಚ್ಚಾತೈಲ ಇಳದಾಗ ಬಂಕಿನ್ಯಾಗ ಎಷ್ಟ ಇಳೀತು?

ಕಿಕ್ಕರ್ ಮಾಸ್ತರ:

ಇಬ್ಬರೂ ತಗೋತಾರ, ಇಬ್ಬರೂ ಜಿಎಸ್‌ಟಿಗೆ ಪೆಟ್ರೋಲ್ ತರೂದಿಲ್ಲ, ಮುಗೀತಿಲ್ಲೋ. ರಾಜಕೀಯ ಬ್ಯಾರೆ ಕಡೆ ಮಾಡ್ರಪಾ, ಹುಡುಗ ಎಣ್ಣಿ ಕೇಳ್ಯಾನ.

ವಿದ್ಯಾನಗರ ಅಕ್ಕ:

ನಾನು ಟೀಚರ್, ದಿನಾ ಹುಬ್ಬಳ್ಳಿಯಿಂದ ಕುಂದಗೋಳಕ್ಕ ಹೋಗ್ತೀನಿ. ಮೊದಲ ಸ್ಕೂಟಿ ಮ್ಯಾಲೆ ಹೋಗ್ತಿದ್ದೆ, ಬ್ಯಾಸಗಿ ಬಂತಂದ್ರ ಮಾರಿ ಸುಟ್ಟು ಕರಕಲಾಗ್ತಿತ್ತು. 2023ರ ಜೂನ್ 11ಕ್ಕ ಹೆಣ್ಮಕ್ಕಳಿಗೆ ಬಸ್ ಪುಕಟ ಮಾಡೋ ಶಕ್ತಿ ಯೋಜನೆ ಶುರು ಆತಲ್ಲ, ಅವತ್ತಿಂದ ಕೆಂಪು ಬಸ್ಸು. ನಮ್ಮ ಸ್ಟಾಫಿನ ನಾಲ್ಕು ಮಂದಿ ಹೆಣ್ಮಕ್ಕಳು ಒಂದಾ ಬಸ್ಸಿಗೆ ಹೋಗ್ತೀವಿ, ಪೇಪರ್ ತಿದ್ದೋದು ಸೈತ ಬಸ್ಸಿನ್ಯಾಗ ಆಗ್ತದ, ಸೀಟ್ ಸಿಕ್ರ. ಸೀಟ್ ಸಿಗೋದು ಮುಂಜಾನೆ ಮಾತ್ರ ಮತ್ತ, ಸಂಜಿಗೆ ಬಾಗಲದಾಗ ಜೋತ ಬಿದ್ದು ಬರೋ ದಿವಸಾನೂ ಇರ್ತಾವ. ರೊಕ್ಕ ಉಳೀತದ, ದಿನಾ ಒಂದು ತಾಸು ಹೋಗ್ತದ. ಅದನ್ನ ಯಾರೂ ಲೆಕ್ಕಾ ಹಿಡಿಯೂದಿಲ್ಲ.

ಆದ್ರ ನಾನು ಹೇಳಬೇಕಂತ ಬಂದದ್ದು ಬ್ಯಾರೇನ. ಸ್ಕೂಟಿ ದಿನಾ ಓಡಿಸೋ ಮುಂದ ಕೊತ್ತಂಬರಿ ಬೇಕಂದ್ರ ಸ್ಕೂಟಿ, ಹಾಲು ಬೇಕಂದ್ರ ಸ್ಕೂಟಿ, ಹೆಂಗೂ ಚಾಲೂ ಅದ ಅಂತ. ಸ್ಕೂಟಿ ಮೂಲಿಗೆ ನಿಂತ ಮ್ಯಾಲೆ ಅದರ ಮ್ಯಾಲಿನ ಧೂಳು ಒರಸೋ ಬ್ಯಾಸರಕ್ಕರ ನಡಕೋತ ಹೋಗಿ ಬರ್ಲಿಕ್ಕೆ ಹತ್ತಿದೆ. ಆವಾಗ ಗೊತ್ತಾತು, ನನ್ನ ಪೆಟ್ರೋಲಿನ್ಯಾಗ ಸಾಲಿಗೆ ಹೋಗೋದಷ್ಟ ಅಲ್ಲ, ಈ ಕೊತ್ತಂಬರಿ ಸೊಪ್ಪಿಂದೂ ಒಂದು ಪಾಲಿತ್ತು ಅಂತ. ನಿಮ್ಮ ತಾಯಿಯವರು ಹೇಳಿದ್ದು ಖರೆ ಇರಬೇಕು ನೋಡ್ರಿ ತಮ್ಮಾ, ಸಿಟ್ಟಾಗಬ್ಯಾಡ್ರಿ.

ಕಿಕ್ಕರ್ ಮಾಸ್ತರ:

ಅಕ್ಕಾರು ಹೇಳಿದ್ದು ಗ್ಯಾರೇಜ್ ಲೆಕ್ಕದಾಗೂ ಖರೆ. ಇಂಜಿನ್ ತಣ್ಣಗಿದ್ದಾಗ ಎಣ್ಣಿ ಜಾಸ್ತಿ ಕುಡೀತದ, ಒಂದು ಕಿಲೋಮೀಟರ್ ಹೋಗಿ ಬಂದ್ ಮಾಡಿದ್ರ ಅದು ಬಿಸಿ ಆಗೋದ್ರಾಗ ನಿಮ್ಮ ಕೆಲಸ ಮುಗದಿರ್ತದ. ಅಂತಾ ಐದು ತಿರುಗಾಟದ ಎಣ್ಣಿ, ಒಂದಾ ಸಲ ಐದು ಕಿಲೋಮೀಟರ್ ಹೋದ ಎಣ್ಣಿಗಿಂತ ಜಾಸ್ತಿ.

ಎರಿಹೊಲ ಅಣ್ಣಿಗೇರಿ:

ಊರ ಕಡೆ ಏನಾಗೇತಿ ನಾನೂ ಹೇಳ್ತೀನಿ. ಮೊದಲ ದಿನಾ ಒಂದು ಸಲ ಅಣ್ಣಿಗೇರಿ ಪ್ಯಾಟಿಗೆ ಹೋಗಿ ಚಾ ಕುಡದು ಮಿರ್ಚಿ ತಿಂದು ಬರೋದು ರೂಢಿ, ಕೆಲಸ ಇರಲಿ ಬಿಡಲಿ. ಈಗ ಸಂತಿ ದಿನ ಅಷ್ಟ. ಗೊಬ್ಬರ, ಬ್ಯಾಂಕು, ಕಿರಾಣಿ ಎಲ್ಲಾ ಆವತ್ತ. ಒಂದಾ ಗಾಡಿ ಮ್ಯಾಲೆ ಇಬ್ರು ಹೋಗ್ತೀವಿ, ಮೂರು ಮಂದಿ ಅಂತ ಬರದ್ರ ಪೊಲೀಸರು ಓದ್ಯಾರು.

ಮೆಣಸಿನಕಾಯಿ ಬ್ಯಾಡಗಿಗೆ ಒಯ್ಯೋ ಮುಂದ ಮೊದಲ ತಮ್ಮ ತಮ್ಮ ಹತ್ತು ಚೀಲಕ್ಕ ತಾವ ಗಾಡಿ ಮಾಡ್ತಿದ್ರು. ಈಗ ನಾಕು ಮಂದಿ ಕೂಡಿ ಒಂದು ಗಾಡಿ. ಬ್ಯಾಡಗಿ ಮಾರ್ಕೆಟ್ ಸೋಮವಾರ, ಗುರುವಾರ, ಹಿಂದಿನ ದಿನ ರಾತ್ರಿ ಲೋಡ್ ಆಗಬೇಕು, ಒಬ್ಬಂದು ಕಾಯಿ ಇನ್ನೂ ಒಣಗಿಲ್ಲಂದ್ರ ಮೂರು ಮಂದಿ ಕಾಯಬೇಕು. ಅಷ್ಟರಾಗ ರೇಟ್ ಬಿದ್ರ ಅವಂಗ ಬೈಗಳ. ಎಣ್ಣಿ ಉಳಿಸೋದ್ರಾಗ ದೋಸ್ತಿ ಕೆಡೋದೂ ಐತಿ ನೋಡ್ರಿ.

ಟ್ರ್ಯಾಕ್ಟರ್ ಬಾಡಿಗಿ ಬಗ್ಗೆ ಹಾಥಿ ಅಣ್ಣಾರು ಹೇಳಿದ್ದಾ, ಒಮ್ಮೆ ಏರಿದ್ದು ಇಳಿಯೂದಿಲ್ಲ. ಹೊಲಕ್ಕ ಮೂರು ಸಲ ಹರಗೋರು ಎರಡಕ್ಕ ನಿಲ್ಲಸ್ಯಾರ. ಎತ್ತು ಕಟ್ರಿ ಅಂತ ಯಾರರ ಬರೀಬ್ಯಾಡ್ರಿ, ಮೇವಿನ ರೇಟ್ ನಂಗೊತ್ತೈತಿ.

ಸೊನ್ನಿ ಎಣ್ಣಿ:

ಎಲ್ಲಾರೂ ಇಷ್ಟ ಒದ್ದಾಡೋದ್ರ ಬದ್ಲಿ ಕರೆಂಟ್ ಗಾಡಿ ತಗೋರಿ. ನಂದು ಒಂದು ಸಲ ಪೂರಾ ಚಾರ್ಜ್ ಆಗ್ಲಿಕ್ಕೆ ಮೂರು ಮೂರೂವರಿ ಯೂನಿಟ್, 90 ಕಿಲೋಮೀಟರ್ ಓಡ್ತದ. ಯೂನಿಟ್ಟಿಗೆ ಆರು ರೂಪಾಯಿ ಹಿಡದ್ರ ಇಪ್ಪತ್ತರ ಆಚೀಚೆ ಮುಗೀತು, ನಿಮಗ ಎರಡ್ನೂರು. ಒಂದಾ ಎಚ್ಚರ, ಗೃಹಜ್ಯೋತಿ ಇದ್ದವ್ರು 200 ಯೂನಿಟ್ ದಾಟಗೊಡಬ್ಯಾಡ್ರಿ, ದಾಟಿದ್ರ ಪೂರಾ ಬಿಲ್ ನಿಮ್ಮ ತಲೀಗೆ.

ಸಪ್ತಾಪುರದಾಂವ:

ಸರ, ನಾ ಬಾಡಿಗಿ ಮನಿಯಾಗ ಮ್ಯಾಲಿನ ಮಾಳಗಿ ಒಳಗ ಅದೀನಿ. ಕೆಳಗ ಪ್ಲಗ್ ಪಾಯಿಂಟ್ ಕೇಳಿದ್ದಕ್ಕ ಮಾಲಕರು ನನ್ನ ಮಾರಿ ನೋಡಿದ್ದು ನೀವು ನೋಡಬೇಕಿತ್ತು. ಮತ್ತ ಲಕ್ಷದ ಮ್ಯಾಲೆ ಹಾಕಿ ಗಾಡಿ ತಗೊಂಡು ಅದರ ಕಂತು ತುಂಬೋದು ಎಣ್ಣಿಗಿಂತ ಜಾಸ್ತಿ ಆಕ್ಕೈತಿ ಈಗ. ಇರಲಿ, ಮಾಸ್ತರ ಹೇಳಿದ್ದು ಮಾಡಿ ನೋಡಿ ಬಂದು ಬರೀತೀನಿ.

ಸಪ್ತಾಪುರದಾಂವ (ಎರಡು ವಾರ ಬಿಟ್ಟು):

ಬಂದೆ. ಮೊದಲ ಅಳದು ನೋಡಿದೆ, ಆವರೇಜ್ 38. ಹಿಂದಿನ ಗಾಲಿ ತಿರುಗಿಸಿದ್ರ ಮಾಸ್ತರ ಹೇಳಿದಂಗ ಒಂದು ಸುತ್ತಿಗೆ ನಿಂತ್ತು. ಓಣ್ಯಾಗಿನ ಗ್ಯಾರೇಜಿನವ ಬ್ರೇಕ್ ಡ್ರಮ್ ಬಿಚ್ಚಿ ಸ್ವಚ್ಛ ಮಾಡಿ ಕೊಟ್ಟ, ಈಗ 44 ಬರಾಕತ್ತೈತಿ. ಅಂದ್ರ ಆಫೀಸಿನ ಹಾದ್ಯಾಗ ತಿಂಗಳಿಗೆ 400ರ ಮ್ಯಾಲೆ ಬ್ರೇಕಿಗೇ ಕೊಡ್ತಿದ್ದೆ ಅಂದಂಗಾತು.

ಉಳದದ್ದಕ್ಕ ಒಂದು ಸಣ್ಣ ನೋಟ್‌ಬುಕ್ ಇಟ್ಟೆ, ಗಾಡಿ ಚಾಲೂ ಮಾಡಿದ ಸಲಕ್ಕೊಮ್ಮೆ ಬರಿಯೋದು. 14 ದಿವಸದಾಗ ಆಫೀಸ್ ಬಿಟ್ಟು 31 ತಿರುಗಾಟ, 186 ಕಿಲೋಮೀಟರ್. ಅದರಾಗ 19 ಮನಿಯಿಂದ ಎರಡು ಕಿಲೋಮೀಟರಿನ ಒಳಗಿನವು. ಲೈನ್ ಬಜಾರಕ್ಕ ಪೇಢೆ ತರಾಕ ಒಂದಾ ದಿನ ಎರಡು ಸಲ ಹೋಗೀನಿ, ಮೊದಲನೇ ಸಲ ತಂದಿದ್ದು ನಾನಾ ತಿಂದಿದ್ದೆ. ರಾತ್ರಿ ಊಟ ಆದ ಮ್ಯಾಲೆ ದೋಸ್ತರ ಜೋಡಿ ಕೆಲಗೇರಿ ಕೆರಿ ಕಡೆ ಹೋಗೋದು ಐದು ಸಲ. ಬರಿಯೋ ಮುಂದ ನಾಚಿಕಿ ಬಂತು. ನಮ್ಮವ್ವಗ ನೋಟ್‌ಬುಕ್ ತೋರ್ಸಿಲ್ಲ, ತೋರ್ಸೂದೂ ಇಲ್ಲ.

ವಾರದಾಗ ಮೂರು ದಿನ ಚಿಗರಿ ಅನ್ನೋ ಹುಬ್ಬಳ್ಳಿ–ಧಾರವಾಡ ಬಿಆರ್‌ಟಿಎಸ್ ಬಸ್ಸು ಹಿಡದೆ. ಜುಬಿಲಿ ಸರ್ಕಲ್‌ತನಕ ನಡದು, ಹೊಸೂರಿಗೆ ಇಳದು, ಅಲ್ಲಿಂದ ಶೇರ್ ಆಟೋ. ಬಸ್ಸಿಗೆ ಬ್ಯಾರೆ ಲೇನ್ ಇರೋದಕ್ಕ ಆ ಹಾದಿ ಏನೂ ತ್ರಾಸಿಲ್ಲ, ಎಸಿ ಒಳಗ ಕುಂತು ಉಣಕಲ್ ಕೆರಿ ನೋಡ್ಕೋತ ಹೋದ್ರಾತು. ತ್ರಾಸು ಎರಡೂ ತುದಿಗೆ. ಆಟೋದಾಂವ ಐದು ಮಂದಿ ತುಂಬೋತನಕ ಬಿಡೂದಿಲ್ಲ, ಎರಡು ದಿನ ಲೇಟಾಗಿ ಸೂಪರ್‌ವೈಸರ್ ಕಡೆ ಅನಿಸ್ಕೊಂಡೆ. ಶನಿವಾರ ಲೋಡ್ ಬರೋ ದಿನ ಬೈಕ್ ಬೇಕಾ ಬೇಕು. ಹಂಗಾಗಿ ಪೂರಾ ಬಸ್ಸಿಗೆ ಬೀಳೂದಿಲ್ಲ, ಮೂರು ದಿನ ಬಸ್ಸು ಮೂರು ದಿನ ಬೈಕ್ ಅಂತ ಮಾಡೀನಿ.

ಮತ್ತ ಬಂಕಿನ್ಯಾಗ ಈಗ ಎರಡ್ನೂರು ಅನ್ನೋದು ಬಿಟ್ಟೀನಿ, "ಎರಡು ಲೀಟರ್ ಹಾಕು" ಅಂತೀನಿ. ಬಂಕಿನ ಹುಡುಗ ಮೊದಲನೇ ಸಲ ಕೇಳಿದಾಗ "ಎಷ್ಟು ರೂಪಾಯಿದು ಅಣ್ಣಾ?" ಅಂತ ಮತ್ತ ಕೇಳಿದ. ಲೀಟರ್ ಲೆಕ್ಕದಾಗ ಹಾಕ್ಸೋರು ಅವಂಗ ಟ್ರ್ಯಾಕ್ಟರ್ ಕ್ಯಾನಿನವ್ರಷ್ಟ ಗೊತ್ತಂತ. ಆರು ರೂಪಾಯಿ ಚಿಲ್ಲರೆ ಇರಲಿಲ್ಲ, ಅಲ್ಲೇ ಫೋನ್‌ಪೇ ಮಾಡಿ ಬಂದೆ.

ಅಮರಗೋಳ ಛೋಟಾ ಹಾಥಿ:

ಪೇಢೆ ತರಾಕ ಎರಡು ಸಲ ಹೋದದ್ದಕ್ಕ ಎಣ್ಣಿ ಲೆಕ್ಕಾ ಹಾಕೀರಿ, ಪೇಢೆದು ಹಾಕೀರೇನ್ರಿ?