ಪದಚರ್ಚೆ: ಚುನಾವಣಾ ಲೆಕ್ಕದಲ್ಲಿ ‘ಆಥರೈಸ್ಡ್’ ಎಂಬುದಕ್ಕೆ ‘ಅಧಿಕೃತ’ ಸರಿಯೇ?

ಪ್ರಶ್ನೆ: ಪ್ರಜಾಪ್ರಾತಿನಿಧ್ಯ ಕಾಯ್ದೆ, 1951ರ 77ನೇ ಸೆಕ್ಷನ್ ಪ್ರಕಾರ ಅಭ್ಯರ್ಥಿ ‘ಇನ್‌ಕರ್ಡ್ ಆರ್ ಆಥರೈಸ್ಡ್’ ವೆಚ್ಚದ ಲೆಕ್ಕ ಇಡಬೇಕು. ಇದನ್ನು ‘ಮಾಡಿದ ಅಥವಾ ಅಧಿಕೃತಗೊಳಿಸಿದ ವೆಚ್ಚ’ ಎನ್ನಬಹುದೇ? ‘ವೆಚ್ಚ’ದ ಬದಲು ‘ಪಾವತಿ’ ಬಳಸಿದರೆ ಇನ್ನೂ ಸರಳವಾಗುವುದಿಲ್ಲವೇ?

ಉತ್ತರ 1: ‘ಅಧಿಕೃತ’ ಬೇಡ. ಅಧಿಕೃತ ಪ್ರಕಟಣೆ, ಅಧಿಕೃತ ಭೇಟಿ ಎಂದು ಓದಿ ರೂಢಿಯಾದವರಿಗೆ ಆ ಪದದಲ್ಲಿ ಸರ್ಕಾರದ ಮೊಹರು ಕಾಣುತ್ತದೆ. ‘ಅಧಿಕೃತಗೊಳಿಸಿದ ವೆಚ್ಚ’ ಎಂದರೆ ಚುನಾವಣಾಧಿಕಾರಿ ಮಂಜೂರು ಮಾಡಿದ ಖರ್ಚು ಎಂದೇ ತಿಳಿಯುತ್ತಾರೆ. ಕಾಯ್ದೆಯಲ್ಲಿ ಒಪ್ಪಿಗೆ ಕೊಡುವವರು ಅಭ್ಯರ್ಥಿ ಇಲ್ಲವೇ ಅವರ ಚುನಾವಣಾ ಏಜೆಂಟ್. ಬೆಂಬಲಿಗರು ಪೆಂಡಾಲು ಹಾಕಿಸುತ್ತೇವೆ ಎಂದಾಗ ಅಭ್ಯರ್ಥಿ ‘ಆಗಲಿ’ ಅಂದರೆ, ದುಡ್ಡು ಯಾರದ್ದಾದರೂ ಲೆಕ್ಕ ಅಭ್ಯರ್ಥಿಯದೇ. ಹಾಗಾಗಿ ‘ತಾವು ಮಾಡಿದ ಅಥವಾ ತಮ್ಮ ಒಪ್ಪಿಗೆಯಿಂದ ಆದ ವೆಚ್ಚ’ ಎನ್ನಿ. ಉದ್ದವಾಯಿತು, ನಿಜ; ಆದರೆ ಅರ್ಥ ಕೆಡುವುದಿಲ್ಲ.

‘ಪಾವತಿ’ಯಂತೂ ಅಪಾಯದ ಪದ. ಬಿಲ್ಲು ಬಾಕಿ ಇದ್ದರೂ ವೆಚ್ಚ ಆಗಿಯೇ ಇರುತ್ತದೆ. ಪುಕ್ಕಟೆ ಸಿಕ್ಕ ಜೀಪಿಗೂ ಬಾಡಿಗೆಯ ಅಂದಾಜು ಮೊತ್ತ ಹಾಕಿ ತೋರಿಸಬೇಕು. ‘ಪಾವತಿಸಿದ ಮೊತ್ತ’ ಎಂದುಬಿಟ್ಟರೆ ಇವೆರಡೂ ಲೆಕ್ಕದಿಂದ ಜಾರಿಹೋಗುತ್ತವೆ. ಅಭ್ಯರ್ಥಿ ಇಡಬೇಕಾದ ಚುನಾವಣಾ ಆಯೋಗದ ಲೆಕ್ಕದ ವಹಿಯಲ್ಲೇ ಈ ಭೇದವಿದೆ: ದಿನದಿನದ ವೆಚ್ಚಕ್ಕೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಪುಕ್ಕಟೆ ಜೀಪು ಗುಲಾಬಿಯಲ್ಲೂ ಹಳದಿಯಲ್ಲೂ ಬರುವುದಿಲ್ಲ, ಬಿಳಿ ಹಾಳೆಯಲ್ಲಿ ಬರಲೇಬೇಕು.

ಉತ್ತರ 2: ಮೇಲಿನದಕ್ಕೆ ಸಹಮತ. ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ತೊಡಕು, ಲೆಕ್ಕ ಇಡಬೇಕಾದ ಅವಧಿಯನ್ನು ಹೇಳುವಲ್ಲಿ ‘ಫಲಿತಾಂಶದವರೆಗೆ’ ಎಂಬ ಅನುವಾದ. ಎಣಿಕೆಯ ದಿನ ಸೇರಿತೋ ಬಿಟ್ಟಿತೋ ತಿಳಿಯದು. ಮೂಲದಲ್ಲಿ ನಾಮನಿರ್ದೇಶನದ ದಿನ, ಫಲಿತಾಂಶ ಘೋಷಣೆಯ ದಿನ ಎರಡೂ ಸೇರಿವೆ. ವಿಜಯೋತ್ಸವದ ಪಟಾಕಿಯ ಖರ್ಚು ಲೆಕ್ಕಕ್ಕೆ ಸೇರುತ್ತದೆಯೇ ಎಂಬ ಚರ್ಚೆ ಹುಟ್ಟುವುದೇ ಇಲ್ಲಿ. ‘ಎರಡೂ ದಿನ ಸೇರಿ’ ಎಂದು ಬಿಡಿಸಿ ಬರೆಯಿರಿ. ಲೆಕ್ಕವನ್ನು 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಸಬೇಕು. ಸಕಾರಣವಿಲ್ಲದೆ ತಪ್ಪಿದರೆ 10ಎ ಸೆಕ್ಷನ್ನಿನಡಿ ಆಯೋಗ 3 ವರ್ಷ ಅನರ್ಹಗೊಳಿಸಬಹುದು.

ಮಿತಿ ಮೀರಿದ ವೆಚ್ಚದ ವಿಚಾರ ಬೇರೆ. ಅದು 123(6)ರಲ್ಲಿ ‘ಕರಪ್ಟ್ ಪ್ರಾಕ್ಟೀಸ್’. ಇದನ್ನು ‘ಭ್ರಷ್ಟಾಚಾರ’ ಎಂದರೆ ಓದುವವರಿಗೆ ಲಂಚ ನೆನಪಾಗುತ್ತದೆ. ‘ಭ್ರಷ್ಟ ಆಚರಣೆ’ ಕಿವಿಗೆ ಒರಟಾದರೂ ಅದನ್ನೇ ಉಳಿಸಿಕೊಳ್ಳಿ.