ಪದಚರ್ಚೆ: ‘ನಾನು ಈ ಪಕ್ಷದವನು’ ಎಂದುಕೊಳ್ಳುವುದಕ್ಕೆ ಪದ ಬೇಕು, ನಾಳೆ ಬೆಳಿಗ್ಗೆಯೊಳಗೆ

ಸಂಜೆ 4.10

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಚುನಾವಣೆಗಳ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಪುಟ ಅಚ್ಚಿಗೆ ಹೋಗುತ್ತದೆ. ಉಳಿದದ್ದೆಲ್ಲ ಮುಗಿದಿದೆ, ‘ಪಾರ್ಟಿ ಐಡೆಂಟಿಫಿಕೇಶನ್’ ಎಂಬುದೊಂದು ಗಂಟಲಲ್ಲಿ ಸಿಕ್ಕಿಕೊಂಡಿದೆ. ಲೇಖನ ನಿಂತಿರುವುದೇ ಅದರ ಮೇಲೆ.

1950ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಮತದಾರರಿಗೆ ಒಂದು ಪ್ರಶ್ನೆ ಹಾಕತೊಡಗಿದರು. ಕನ್ನಡದಲ್ಲಿ ಹೇಳುವುದಾದರೆ: ‘ಸಾಮಾನ್ಯವಾಗಿ ನೀವು ನಿಮ್ಮನ್ನು ರಿಪಬ್ಲಿಕನ್ ಎಂದುಕೊಳ್ಳುತ್ತೀರೋ, ಡೆಮಾಕ್ರಟ್ ಎಂದುಕೊಳ್ಳುತ್ತೀರೋ, ಸ್ವತಂತ್ರ ಎಂದುಕೊಳ್ಳುತ್ತೀರೋ, ಬೇರೇನಾದರೂ ಎಂದೋ?’ ಇದಕ್ಕೆ ಬರುವ ಉತ್ತರಕ್ಕೆ ಮೇಲಿನ ಹೆಸರು. ಯಾರಿಗೆ ಮತ ಹಾಕಿದಿರಿ ಎಂಬುದು ಬೇರೆಯೇ ಪ್ರಶ್ನೆ.

ನಾನು ಮೊದಲು ‘ಪಕ್ಷನಿಷ್ಠೆ’ ಎಂದು ಬರೆದಿದ್ದೆ. ಆಮೇಲೆ ನನ್ನದೇ ವಾಕ್ಯ ಓದಿಕೊಂಡೆ: ‘1984ರಲ್ಲಿ ಡೆಮಾಕ್ರಟಿಕ್ ಪಕ್ಷನಿಷ್ಠರೇ ಹೆಚ್ಚಿದ್ದರು, ಅವರಲ್ಲಿ ಅನೇಕರು ರೇಗನ್ ಅವರಿಗೆ ಮತ ಹಾಕಿದರು.’ ಹಾಕಿದರೆ ಅದೆಂಥ ನಿಷ್ಠೆ? ವಾಕ್ಯ ತಾನು ಕುಳಿತ ಕೊಂಬೆಯನ್ನು ತಾನೇ ಕಡಿಯುತ್ತಿದೆ. ಆದರೆ ನಡೆದದ್ದು ಹಾಗೆಯೇ. 1972ರಲ್ಲಿ ನಿಕ್ಸನ್, 1984ರಲ್ಲಿ ರೇಗನ್, ಇಬ್ಬರು ರಿಪಬ್ಲಿಕನ್ನರೂ 50 ರಾಜ್ಯಗಳಲ್ಲಿ 49 ಗೆದ್ದರು. ಆ ಎರಡೂ ವರ್ಷ ತಮ್ಮನ್ನು ಡೆಮಾಕ್ರಟ್ ಎಂದುಕೊಂಡವರೇ ದೇಶದಲ್ಲಿ ಹೆಚ್ಚಿದ್ದರು.

ಕೋಷ್ಟಕದ ಮೊದಲ ಕಾಲಂಗೂ ಇದೇ ಶೀರ್ಷಿಕೆ. ಜಾಗ ಬಹಳ ಕಿರಿದು, ಒಂದೆರಡು ಚಿಕ್ಕ ಪದಗಳು ಹಿಡಿಸುತ್ತವೆ. ದಯವಿಟ್ಟು ಬೇಗ ಹೇಳಿ.

ಸಂಜೆ 4.26

‘ಪಕ್ಷದ ಗುರುತು’. ಇದರಲ್ಲಿ ಚರ್ಚಿಸುವುದೇನೂ ಇಲ್ಲ.

ಸಂಜೆ 4.41

> ‘ಪಕ್ಷದ ಗುರುತು’. ಇದರಲ್ಲಿ ಚರ್ಚಿಸುವುದೇನೂ ಇಲ್ಲ.

ಇದೆ. ಚುನಾವಣೆಯ ಮಾತಿನಲ್ಲಿ ‘ಗುರುತು’ ಎಂದರೆ ಕನ್ನಡಿಗನ ಕಣ್ಣಿಗೆ ಬರುವುದು ಮತಪತ್ರದ ಮೇಲಿನ ಚಿತ್ರ. ‘ನಮ್ಮ ಗುರುತು ಇಂಥದ್ದು, ಇದಕ್ಕೇ ಮತ ಹಾಕಿ’ ಎಂಬ ಕೂಗು ಕೇಳದ ಕಿವಿಯಿಲ್ಲ. ‘ಡೆಮಾಕ್ರಟಿಕ್ ಪಕ್ಷದ ಗುರುತು’ ಎಂದು ಅಚ್ಚು ಹಾಕಿದರೆ ಓದುವವನು ಕತ್ತೆಯ ಚಿತ್ರ ಹುಡುಕುತ್ತಾನೆ, ರಿಪಬ್ಲಿಕನ್ ಎಂದಲ್ಲಿ ಆನೆಯನ್ನು.

ಕ್ರಿಯಾಪದ ಮಾಡಿದರೂ ಉಳಿಗಾಲವಿಲ್ಲ. ‘ಅವರು ಆ ಪಕ್ಷದೊಂದಿಗೆ ಗುರುತಿಸಿಕೊಂಡಿದ್ದಾರೆ’ ಎಂದು ಪತ್ರಿಕೆಗಳು ಬರೆಯುವುದು ವೇದಿಕೆ ಹತ್ತಿದವರ ಬಗ್ಗೆ, ಬಾವುಟ ಹಿಡಿದವರ ಬಗ್ಗೆ. ಸಮೀಕ್ಷೆಯವನು ಫೋನ್ ಮಾಡಿದಾಗ ‘ನಾನು ರಿಪಬ್ಲಿಕನ್’ ಎಂದು ಹೇಳಿ ಫೋನ್ ಇಡುವ ಮನುಷ್ಯ ಎಲ್ಲಿಯೂ ಗುರುತಿಸಿಕೊಂಡಿರುವುದಿಲ್ಲ. ಅವನ ಪಕ್ಕದ ಮನೆಯವರಿಗೂ ಅದು ಗೊತ್ತಿರಲಿಕ್ಕಿಲ್ಲ.

ಸಂಜೆ 5.05

‘ಗುರುತು’ ಗುರು ಶಬ್ದದಿಂದ ಬಂದದ್ದು, ಸಂಸ್ಕೃತ. ಸಂಸ್ಕೃತದಿಂದಲೇ ತೆಗೆದುಕೊಳ್ಳುವುದಾದರೆ ನೇರವಾಗಿ ‘ಪಕ್ಷತಾದಾತ್ಮ್ಯ’ ಎನ್ನಿ. ‘ಅದೇ ತಾನಾಗಿರುವುದು’ ಎಂಬ ಅರ್ಥ ಆ ಪದದ ಹೊಟ್ಟೆಯಲ್ಲೇ ಇದೆ. ಶಾಸ್ತ್ರಕ್ಕೆ ಶಾಸ್ತ್ರದ ಪದ.

ಸಂಜೆ 5.17

> ‘ಗುರುತು’ ಗುರು ಶಬ್ದದಿಂದ ಬಂದದ್ದು

ತಪ್ಪು. ಹಳಗನ್ನಡದಲ್ಲಿ ಅದು ಗುಱುತು. ಅದರ ಒಡಹುಟ್ಟು ಗುಱಿ, ಇಂದಿನ ‘ಗುರಿ’. ತಮಿಳಿನ ‘ಕುಱಿ’ಯೂ ಅದೇ ಬಳ್ಳಿಯದು, ಗುರುತು, ಗುರಿ ಎರಡೂ ಅರ್ಥ ಅದಕ್ಕಿದೆ. ಬಾಣ ಬಿಡುವವನು ಮರದ ಮೇಲೆ ಮೊದಲು ಗುರುತು ಮಾಡುತ್ತಾನೆ, ಆಮೇಲೆ ಅದೇ ಅವನ ಗುರಿ. ಱ ಅಕ್ಷರವನ್ನು ನಾವು ಕೈಬಿಟ್ಟೆವು, ಅದರ ಫಲವಾಗಿ ಅಚ್ಚಕನ್ನಡದ ಪದವೊಂದನ್ನು ಸಂಸ್ಕೃತದ ಗುರುವಿನ ಮಡಿಲಿಗೆ ಹಾಕುವವರು ಹುಟ್ಟಿಕೊಂಡರು. ಇದನ್ನು ಈ ಬಳಗದಲ್ಲೇ ಎಷ್ಟು ಸಲ ಹೇಳಿದ್ದೇನೆ! ನೋಡದೆ ಬರೆಯಬಾರದು.

ಸಂಜೆ 5.40

ಅಮೆರಿಕದ ಮತದಾರ ಎಲ್ಲಿ ಕಳೆದುಹೋದ? ಇರಲಿ, ಹೇಳುತ್ತೇನೆ. ‘ಪಕ್ಷ’ವೇ ಎರವಲು. ಗುಂಪಿಗೆ ‘ಬಣ’ ಎನ್ನುವ ಪದ ಇರುವಾಗ ‘ಬಣದೊಲವು’ ಎಂದರೆ ಮುಗಿಯಿತು. ತಾದಾತ್ಮ್ಯ ಎಂಬ ಪದವನ್ನು ಓದುವವರ ಮುಂದಿಟ್ಟರೆ ಅವರು ಪುಟವನ್ನೇ ಮಗುಚುತ್ತಾರೆ. ಕೋಷ್ಟಕದ ತಲೆಯ ಮೇಲೆ ‘ತ್ಮ್ಯ’ ಬರೆಯಲು ಹೊರಟವರಿಗೆ ಕನ್ನಡದ ಮೇಲೆ ಕರುಣೆ ಇಲ್ಲ.

ಸಂಜೆ 5.52

> ‘ಬಣದೊಲವು’ ಎಂದರೆ ಮುಗಿಯಿತು

ಮುಗಿಯುವುದಿಲ್ಲ. ಬಣ ಎಂದರೆ ಪಕ್ಷ ಒಡೆದಾಗ ಉಳಿಯುವ ಹೋಳು. ಒಂದೇ ಪಕ್ಷದಲ್ಲಿ ಎರಡು ಬಣಗಳಿರುತ್ತವೆ. ಡೆಮಾಕ್ರಟಿಕ್ ಪಕ್ಷವನ್ನು ಬಣ ಎನ್ನಲಾಗದು.

ಸಂಜೆ 6.20

ಪ್ರಶ್ನೆ ಕೇಳಿದವಳು ಬರೆಯುತ್ತಿದ್ದೇನೆ. ‘ಒಲವು’ ನನಗೂ ಇಷ್ಟದ ಪದ, ಆದರೆ ಅದನ್ನು ಬೇರೆ ಕಡೆ ಖರ್ಚು ಮಾಡಿಬಿಟ್ಟಿದ್ದೇನೆ. ಮಿಷಿಗನ್‌ನವರ ಅಳತೆಗೋಲಿನಲ್ಲಿ ಏಳು ಮನೆಗಳಿವೆ. ಒಂದು ತುದಿಯಲ್ಲಿ ಕಟ್ಟಾ ಡೆಮಾಕ್ರಟ್, ಆಮೇಲೆ ಸಡಿಲ ಡೆಮಾಕ್ರಟ್, ಆಮೇಲೆ ‘ನಾನು ಸ್ವತಂತ್ರ, ಆದರೆ ಡೆಮಾಕ್ರಟರಿಗೆ ಹತ್ತಿರ’ ಎನ್ನುವವರು. ನಡುವೆ ಯಾರ ಕಡೆಗೂ ಇಲ್ಲದ ಸ್ವತಂತ್ರರು. ಆ ಕಡೆ ಇದೇ ಮೂರು ಮನೆಗಳು ರಿಪಬ್ಲಿಕನ್ನರದು. ಮೂರನೆಯ ಮತ್ತು ಐದನೆಯ ಮನೆಯವರನ್ನು ‘ಒಲವುಳ್ಳ ಸ್ವತಂತ್ರರು’ ಎಂದಿದ್ದೇನೆ. ಇಡೀ ಅಳತೆಗೋಲಿಗೂ ಅದೇ ಹೆಸರಿಟ್ಟರೆ ಸ್ವತಂತ್ರರೆನ್ನುವವರೂ ಪಕ್ಷದವರೆನ್ನುವವರೂ ಒಂದೇ ರಾಶಿಗೆ ಬೀಳುತ್ತಾರೆ. ಈ ಒಲವುಳ್ಳವರು ಬಾಯಲ್ಲಿ ಸ್ವತಂತ್ರರು, ಮತಪೆಟ್ಟಿಗೆಯ ಮುಂದೆ ಬಹುಪಾಲು ಪಕ್ಷದವರಂತೆಯೇ ನಡೆದುಕೊಳ್ಳುತ್ತಾರೆ ಎಂಬುದು ಲೇಖನದ ಮುಖ್ಯ ಮಾತುಗಳಲ್ಲೊಂದು. ಅದನ್ನು ಕಳೆದುಕೊಳ್ಳಲು ನಾನು ಸಿದ್ಧಳಿಲ್ಲ.

ಸಂಜೆ 6.48

ಎರವಲಿನ ಮಾತು ಬಂದದ್ದರಿಂದ ಹೇಳುತ್ತೇನೆ. ‘ಪಕ್ಷ’ ಬೇಡ ಎನ್ನುವವರು ‘ಚುನಾವಣೆ’ಯನ್ನೂ ಬಿಡಲಿ, ಅದರ ಬೇರು ಹಿಂದಿಯ ಚುನಾವ್. ‘ಹಕ್ಕು’ ಬಿಡಲಿ, ಅರಬ್ಬಿ. ‘ದಾಖಲೆ’ಯೂ ಅರಬ್ಬಿ ಮೂಲದ್ದೇ. ‘ಸರ್ಕಾರ’, ‘ರಾಜೀನಾಮೆ’ ಪಾರಸಿಯ ದಾರಿಯಲ್ಲಿ ಬಂದವು. ಇವನ್ನೆಲ್ಲ ಬಿಟ್ಟು ಒಂದು ಚುನಾವಣೆಯ ವರದಿ ಬರೆದು ತೋರಿಸಿ. ಎರವಲು ತಂದ ಮನೆ ಬಡವಾಗುವುದಿಲ್ಲ. ತಂದದ್ದನ್ನು ಒಗ್ಗಿಸಿಕೊಳ್ಳಲಾರದ ಮನೆ ಬಡವಾಗುತ್ತದೆ.

ಸಂಜೆ 7.02

ಒಗ್ಗಿಸಿಕೊಂಡದ್ದಕ್ಕೆ ನಮ್ಮ ವಿರೋಧ ಎಂದೂ ಇರಲಿಲ್ಲ. ‘ಪಕ್ಷಿ’ ಹಕ್ಕಿಯಾಯಿತು, ‘ಪಕ್ಷ’ ಪಕ್ಕವಾಯಿತು. ಹಾಗೆ ಬಂದರೆ ಬರಲಿ. ತಾದಾತ್ಮ್ಯ ಇನ್ನು ಸಾವಿರ ವರ್ಷ ಕಳೆದರೂ ಒಗ್ಗುವುದಿಲ್ಲ.

ಸಂಜೆ 7.09

‘ಪಕ್ಕ’ ತದ್ಭವ ಎಂದು ಅಷ್ಟು ಸುಲಭವಾಗಿ ಬಿಟ್ಟುಕೊಡಬೇಡಿ. ತಮಿಳಿನ ‘ಪಕ್ಕಂ’ ಅನ್ನು ಭಾಗ ಮಾಡು ಎಂಬ ಅರ್ಥದ ದ್ರಾವಿಡ ಧಾತುವಿಗೆ ಸೇರಿಸುವವರೂ ಇದ್ದಾರೆ. ಪ್ರತ್ಯೇಕ ಪತ್ರ ಬರೆಯುತ್ತೇನೆ.

ರಾತ್ರಿ 8.15

ಪದಕ್ಕೆ ಮೊದಲು ವಿಷಯವನ್ನು ಹತ್ತಿರದಿಂದ ನೋಡೋಣ. ತಕ್ಕ ಪದ ಅಲ್ಲಿಯೇ ಸಿಗುತ್ತದೆ ಎಂದು ನನ್ನ ನಂಬಿಕೆ.

ಕೆಂಟಕಿ ರಾಜ್ಯವನ್ನು ತೆಗೆದುಕೊಳ್ಳಿ. ಅಲ್ಲಿ ಮತದಾರ ಹೆಸರು ನೋಂದಾಯಿಸುವಾಗಲೇ ಪಕ್ಷವನ್ನೂ ಬರೆಸುತ್ತಾನೆ. 2022ರ ಜುಲೈವರೆಗೆ ಆ ಪಟ್ಟಿಯಲ್ಲಿ ಡೆಮಾಕ್ರಟರೇ ಹೆಚ್ಚು. ಆದರೆ 2000ದಿಂದ ಈಚೆಗೆ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲೂ ಕೆಂಟಕಿ ರಿಪಬ್ಲಿಕನ್ ಅಭ್ಯರ್ಥಿಯನ್ನೇ ಆರಿಸಿದೆ. ಅಲ್ಲಿ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಆರಿಸುವ ಮೊದಲ ಸುತ್ತಿನಲ್ಲಿ, ಆ ಪಕ್ಷಕ್ಕೆ ಹೆಸರು ಬರೆಸಿದವರು ಮಾತ್ರ ಮತ ಹಾಕಬಹುದು. ಎಷ್ಟೋ ಊರುಗಳಲ್ಲಿ ಸ್ಥಳೀಯ ಹುದ್ದೆ ಯಾರಿಗೆಂದು ತೀರ್ಮಾನವಾಗುತ್ತಿದ್ದದ್ದೇ ಡೆಮಾಕ್ರಟರ ಪ್ರಾಥಮಿಕದಲ್ಲಿ. ಹಾಗಾಗಿ ಮನಸ್ಸು ಬದಲಾದರೂ ಹೆಸರು ಹಳೆಯ ಪಟ್ಟಿಯಲ್ಲೇ ಉಳಿಯಿತು. ಕೊನೆಗೆ 2022ರಲ್ಲಿ ರಿಪಬ್ಲಿಕನ್ನರ ಪಟ್ಟಿ ಮುಂದಾಯಿತು. ಮರುವರ್ಷವೇ, 2023ರ ನವೆಂಬರ್‌ನಲ್ಲಿ, ಅದೇ ಮತದಾರರು ಡೆಮಾಕ್ರಟ್ ಆಂಡಿ ಬೆಶಿಯರ್ ಅವರನ್ನು ಎರಡನೆಯ ಸಲ ಗವರ್ನರ್ ಆಗಿ ಆರಿಸಿದರು. ಪಟ್ಟಿ ಒಂದು ಕಡೆ, ಗೆಲುವು ಇನ್ನೊಂದು ಕಡೆ. ಎರಡು ದಿಕ್ಕಿನಲ್ಲೂ ಹೀಗೇ ಆಗಿದೆ.

ನೋಂದಣಿ ಬೇರೆ, ಸಮೀಕ್ಷೆಯವನಿಗೆ ಕೊಡುವ ಉತ್ತರ ಬೇರೆ. ಅನುವಾದದಲ್ಲಿ ಇವೆರಡಕ್ಕೆ ಒಂದೇ ಪದ ಬರದಂತೆ ನೋಡಿಕೊಳ್ಳಿ. ಪಟ್ಟಿಗೆ ‘ಪಕ್ಷ ನೋಂದಣಿ’ ಸಾಕು. ‘ಸದಸ್ಯತ್ವ’ ಮಾತ್ರ ಬೇಡ. ಹಾಗೆ ಹೆಸರು ಬರೆಸಿದವನು ಚಂದಾ ಕಟ್ಟುವುದಿಲ್ಲ, ಶಿಸ್ತಿಗೆ ಒಳಪಡುವುದೂ ಇಲ್ಲ.

ಇನ್ನು, ತನ್ನವರು ಹೆಚ್ಚಿದ್ದು, ಅವರೆಲ್ಲ ತಪ್ಪದೆ ಬಂದು ತನಗೇ ಮತ ಹಾಕಿದರೂ ಪಕ್ಷ ಸೋಲಬಹುದು. 2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ಸುಮಾರು 29 ಲಕ್ಷ ಮತ ಹೆಚ್ಚು ಬಿದ್ದವು, ಗೆದ್ದವರು ಟ್ರಂಪ್. ಅಧ್ಯಕ್ಷರನ್ನು ಆರಿಸುವುದು ರಾಜ್ಯವಾರು ಹಂಚಿಕೆಯಾದ 538 ಚುನಾಯಕರ (ಎಲೆಕ್ಟರ್) ಮತಗಳು, ಗೆಲ್ಲಲು ಬೇಕಾದದ್ದು 270. ಕ್ಯಾಲಿಫೋರ್ನಿಯಾದಲ್ಲಿ ಲಕ್ಷಗಟ್ಟಲೆ ಹೆಚ್ಚುವರಿ ಮತ ಬಿದ್ದರೂ ಪಕ್ಕದ ರಾಜ್ಯಕ್ಕೆ ಒಂದೂ ಹರಿಯುವುದಿಲ್ಲ. 2012ರಲ್ಲಿ ಅಲ್ಲಿಯ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೂ ಡೆಮಾಕ್ರಟರಿಗೇ ಒಟ್ಟು ಮತ ಹೆಚ್ಚು, ಸ್ಥಾನಗಳು ಮಾತ್ರ ರಿಪಬ್ಲಿಕನ್ನರಿಗೆ 234, ಡೆಮಾಕ್ರಟರಿಗೆ 201. ಕ್ಷೇತ್ರದ ಗೆರೆ ಎಳೆಯುವ ಕೈ ಯಾರದು, ಒಂದು ಪಕ್ಷದವರು ಎಷ್ಟು ಒತ್ತೊತ್ತಾಗಿ ನಗರಗಳಲ್ಲಿ ನೆಲೆಸಿದ್ದಾರೆ ಎಂಬುದೆಲ್ಲ ಅಲ್ಲಿ ಕೆಲಸ ಮಾಡುತ್ತದೆ.

ಆದ್ದರಿಂದ ನಿಮಗೆ ಬೇಕಾದ ಪದ ಮತವನ್ನೂ ಹೇಳಬಾರದು, ಗೆಲುವನ್ನೂ ಹೇಳಬಾರದು. ಸಂಬಂಧವಿದೆ ಎಂದಷ್ಟೇ ಹೇಳಿ ಬಾಗಿಲು ತೆರೆದಿಡಬೇಕು. ನಿಷ್ಠೆ ಆ ಬಾಗಿಲನ್ನು ಮುಚ್ಚಿಬಿಡುತ್ತದೆ. ನನ್ನ ಸಲಹೆ ‘ಪಕ್ಷನಂಟು’. ನಂಟು ಇದ್ದವನು ಮದುವೆಗೆ ಬರಬಹುದು, ಮುನಿಸಿಕೊಂಡು ಬಾರದೆಯೂ ಇರಬಹುದು; ಬರಲಿಲ್ಲವೆಂದು ನಂಟು ಹರಿಯುವುದಿಲ್ಲ. ‘ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ’ ಎಂಬ ಗಾದೆ 1984ರ ಡೆಮಾಕ್ರಟನನ್ನು ನೋಡಿಯೇ ಹೇಳಿದಂತಿದೆ.

ರಾತ್ರಿ 8.33

ನಂಟು ಸರಿ. ನಣ್ಪು, ನಂಟ, ನಂಟು, ತಮಿಳಿನ ನಣ್ಬನ್, ಎಲ್ಲ ಒಂದೇ ಬೇರಿನವು. ಆದರೆ ‘ಪಕ್ಷನಂಟು’ ಅರಿಸಮಾಸ. ಸಂಸ್ಕೃತಕ್ಕೆ ಕನ್ನಡ ಹೊಲಿಯಬಾರದೆಂದು 13ನೆಯ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಹೇಳಿಯಾಗಿದೆ.

ರಾತ್ರಿ 8.40

ಅದೇ ಕೇಶಿರಾಜ ವಿನಾಯಿತಿಗಳನ್ನೂ ಹೇಳಿದ್ದಾನೆ. ‘ಮತಪೆಟ್ಟಿಗೆ’ ಅರಿಸಮಾಸ, ‘ಮತಗಟ್ಟೆ’ ಅರಿಸಮಾಸ. ಮತಗಟ್ಟೆಗೆ ಕಾಲಿಡದೆ ಯಾವ ಕನ್ನಡಿಗ ಮತ ಹಾಕಿದ್ದಾನೆ?

ರಾತ್ರಿ 8.58

ನಾನು ಸುದ್ದಿಮನೆಯಲ್ಲಿ ಇದ್ದವನು, ನನ್ನ ಆಕ್ಷೇಪ ಬೇರೆ. ‘ನಂಟು’ ಈಗ ಶೀರ್ಷಿಕೆಗಳಲ್ಲಿ ಕೆಟ್ಟುಹೋಗಿದೆ. ಉಗ್ರರ ನಂಟು, ಭೂಗತ ಲೋಕದ ನಂಟು, ಮಾದಕ ಜಾಲದ ನಂಟು. ‘ಡೆಮಾಕ್ರಟಿಕ್ ಪಕ್ಷದ ನಂಟು’ ಎಂದರೆ ಯಾರನ್ನೋ ಬಂಧಿಸಿದ್ದಾರೆ ಎಂದು ಓದುಗ ತಿಳಿಯಬಹುದು. ಒಳ್ಳೆಯ ಪದವನ್ನು ನಮ್ಮವರೇ ಹಾಳು ಮಾಡಿದ್ದು ನನಗೆ ನೋವಿನ ಸಂಗತಿ.

ರಾತ್ರಿ 9.30

ಎಲ್ಲರಿಗೂ ಕೃತಜ್ಞತೆ. ತೀರ್ಮಾನ ಮಾಡಿದ್ದೇನೆ.

ಸುದ್ದಿಮನೆಯವರ ಮಾತು ನನಗೆ ನಾಟಿತು. ಆದರೆ ಪೊಲೀಸ್ ಸುದ್ದಿಗೆ ‘ನಂಟು’ವನ್ನು ಬಿಟ್ಟುಕೊಡಲು ಮನಸ್ಸು ಒಪ್ಪುತ್ತಿಲ್ಲ. ಕೋಷ್ಟಕದಲ್ಲಿ ‘ಪಕ್ಷದ ನಂಟು’ ಎಂದು ಹಾಕುತ್ತೇನೆ. ಷಷ್ಠಿ ವಿಭಕ್ತಿ ಇರುವುದರಿಂದ ಸಮಾಸವೇ ಆಗುವುದಿಲ್ಲ, ಅರಿಸಮಾಸದ ದೂರಿಗೂ ಎಡೆಯಿಲ್ಲ. ಲೇಖನದೊಳಗೆ ನಾಮಪದವನ್ನು ಆದಷ್ಟು ಕಡಿಮೆ ಮಾಡಿ ‘ಎಂದುಕೊಳ್ಳು’ವಿನ ಮೇಲೆ ಭಾರ ಹಾಕಿದ್ದೇನೆ. ಆ ‘ಕೊಳ್ಳು’ ಮಾಡುವ ಕೆಲಸವನ್ನು ಇಷ್ಟು ಹೊತ್ತು ನಾವು ಬೇರೆ ಬೇರೆ ನಾಮಪದಗಳಲ್ಲಿ ಹುಡುಕುತ್ತಿದ್ದೆವು. ವಾಕ್ಯ ಈಗ ಹೀಗಿದೆ:

‘1984ರಲ್ಲಿ ತಮ್ಮನ್ನು ಡೆಮಾಕ್ರಟ್ ಎಂದುಕೊಳ್ಳುವವರೇ ಹೆಚ್ಚಿದ್ದರು, ಅವರಲ್ಲಿ ಅನೇಕರು, ಆ ನಂಟನ್ನು ಕಡಿದುಕೊಳ್ಳದೆಯೇ, ರೇಗನ್ ಅವರಿಗೆ ಮತ ಹಾಕಿದರು.’

ರಾತ್ರಿ 9.44

ವಾಕ್ಯ ಚೆನ್ನಾಗಿದೆ. ‘ಡೆಮಾಕ್ರಟ್’ಗೆ ಕನ್ನಡ ಏನು ಮಾಡಿದ್ದೀರಿ?

ರಾತ್ರಿ 9.47

ಏನೂ ಮಾಡಿಲ್ಲ. ಅದು ಅವರು ಇಟ್ಟುಕೊಂಡ ಹೆಸರು.